ಖಾನೇಸುಮಾರಿಯ ಅಂಕೆಗಳೂ ಅವುಗಳ ಚಿತ್ರವೂ

ಕಾಗಿಣಾ ನದಿಯ ತೀರದಲ್ಲಿರುವ ಮಳಖೇಡವು ಇಂದು ಸೇಡಂ ತಾಲೂಕಿನ ಒಂದು ಗ್ರಾಮವಾಗಿದೆ. ಒಂದು ಕಾಲದಲ್ಲಿ ಇದೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದಿತು. ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಲೋಕದ ಯಾವ ವ್ಯವಹಾರವೂ ಗಣಿತವನ್ನು ಬಿಟ್ಟು ನಡೆಯದೆಂದು ಗ್ರಂಥಾರಂಭದಲ್ಲಿಯೇ ಸಾರಿದನು. ಆದರೆ ಇಂತಹ ನಾಡಿನಲ್ಲಿ ಜನರನ್ನೇ ಎಣಿಸಿ, ಆ ಎಣಿಕೆಯನ್ನು ದಶಕದಿಂದ ದಶಕಕ್ಕೆ ಹೋಲಿಸುವ ಪದ್ಧತಿಯು ಬಹು ತಡವಾಗಿ ಬಂದಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಮೊದಲನೆಯ ಖಾನೇಸುಮಾರಿಯು ನಡೆದುದು 1881ರಲ್ಲಿ.

ಎಣಿಸುವುದು ಒಂದು ವಿದ್ಯೆ. ಎಣಿಸಿದ್ದನ್ನು ಕಣ್ಣಿಗೆ ಕಾಣಿಸುವುದು ಇನ್ನೊಂದು. ಈ ಎರಡನೆಯ ವಿದ್ಯೆಗೆ ದಾರಿ ತೋರಿಸಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ವರ್ಷವರ್ಷಕ್ಕೆ ಏರಿಳಿಯುವ ವ್ಯಾಪಾರವನ್ನು ಗೆರೆಗಳಿಂದ ತೋರಿಸಿದನು. ಆದರೆ ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವನಲ್ಲಿದ್ದುದು ಒಂದೇ ವರ್ಷದ ಲೆಕ್ಕ. ಒಂದೇ ವರ್ಷದಿಂದ ಗೆರೆಯನ್ನೆಳೆಯಲು ಬಾರದಾದ ಕಾರಣ ಅಲ್ಲಿ ಪಟ್ಟಿಗಳನ್ನು ಬರೆದನು. 1801ರಲ್ಲಿ, ಇಡಿಯೊಂದರ ಭಾಗಗಳನ್ನು ತೋರಿಸಲು ವೃತ್ತವನ್ನು ಸೀಳಿದನು. ಅಂಕೆಯ ಸ್ವಭಾವವನ್ನು ನೋಡಿ ಚಿತ್ರವನ್ನು ಆರಿಸಬೇಕೆಂಬ ನೀತಿಯು ಈ ಮೂರರಿಂದಲೇ ತಿಳಿದುಬರುವುದು.

ಹೈದರಾಬಾದ್ ಸಂಸ್ಥಾನದ ಜನಸಂಖ್ಯೆಯನ್ನೇ ತೆಗೆದುಕೊಳ್ಳೋಣ. 1881ರಲ್ಲಿ ಅದು ಸುಮಾರು 98 ಲಕ್ಷ. 1891ರಲ್ಲಿ 115 ಲಕ್ಷ. 1901ರಲ್ಲಿ 111 ಲಕ್ಷ. 1911ರಲ್ಲಿ 134 ಲಕ್ಷ. 1921ರಲ್ಲಿ 125 ಲಕ್ಷ. 1931ರಲ್ಲಿ 144 ಲಕ್ಷ. 1941ರಲ್ಲಿ 163 ಲಕ್ಷ. ಈ ಬಿಂದುಗಳನ್ನು ಗೆರೆಯಿಂದ ಕೂಡಿಸಿದರೆ 1911ರಿಂದ 1921ರವರೆಗೆ ಜನರು ಮೆಲ್ಲಮೆಲ್ಲನೆ ಕಡಿಮೆಯಾದಂತೆ ತೋರುವುದು. ವಾಸ್ತವದಲ್ಲಿ 1918ರ ಇನ್‌ಫ್ಲುಯೆಂಜಾ ಜ್ವರವು ಕೆಲವೇ ತಿಂಗಳುಗಳಲ್ಲಿ ಮನೆಮನೆಗಳನ್ನು ಬರಿದುಮಾಡಿತು. ಹಾಗೆಯೇ 1891ರಿಂದ 1901ರ ಇಳಿಜಾರಿನ ಒಳಗೆ 1899–1900ರ ಘೋರ ಕ್ಷಾಮವು ಅಡಗಿದೆ. ಗೆರೆಯು ಎಣಿಸದ ಒಂಬತ್ತು ವರ್ಷಗಳ ವಿಷಯವನ್ನೂ ಎಣಿಸಿದಂತೆ ಹೇಳುತ್ತದೆ. ಆದುದರಿಂದ ದಶಕಕ್ಕೊಮ್ಮೆ ದೊರೆಯುವ ಲೆಕ್ಕಕ್ಕೆ ಬಿಡಿಬಿಡಿಯಾದ ಸ್ತಂಭಗಳೇ ಹೆಚ್ಚು ಪ್ರಾಮಾಣಿಕವಾದುವು. ಗೆರೆಯನ್ನೆಳೆದರೂ ಎಣಿಕೆಯ ವರ್ಷಗಳಲ್ಲಿ ಚುಕ್ಕೆಯನ್ನು ಸ್ಪಷ್ಟವಾಗಿ ಇಡತಕ್ಕದ್ದು.

ಒಟ್ಟು ಜನಸಂಖ್ಯೆಯನ್ನು ವರ್ಗಗಳಾಗಿ ವಿಂಗಡಿಸಿದಾಗ ತೊಡಕು ಇನ್ನೂ ಹೆಚ್ಚುವುದು. 1901ರಲ್ಲಿ ಸಂಸ್ಥಾನದೊಳಗೆ ತೆಲುಗರು ಸುಮಾರು 51 ಲಕ್ಷ, ಮರಾಠಿಗರು 29 ಲಕ್ಷ, ಕನ್ನಡಿಗರು 15.6 ಲಕ್ಷ, ಉರ್ದು ಮಾತಿನವರು 11.6 ಲಕ್ಷ. 1941ರಲ್ಲಿ ಇವೇ ಸಂಖ್ಯೆಗಳು ಕ್ರಮವಾಗಿ 75, 39, 17.2 ಮತ್ತು 21.9 ಲಕ್ಷಗಳಾದುವು. ಕನ್ನಡಿಗರ ಸಂಖ್ಯೆಯನ್ನು ಮಾತ್ರ ಬರೆದವನು ‘ಏರಿದೆ’ ಎಂದು ಸಂತೋಷಿಸುವನು. ಪಾಲನ್ನು ಬರೆದವನಾದರೋ ನೂರಕ್ಕೆ ಹದಿನಾಲ್ಕರಿಂದ ಹತ್ತೂವರೆಗೆ ಇಳಿದುದನ್ನು ಕಂಡು ಚಿಂತಿಸುವನು. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರ ಪ್ರಶ್ನೆಗಳೇ ಬೇರೆ. ಎಷ್ಟು ಮಕ್ಕಳಿಗೆ ಕನ್ನಡ ಶಾಲೆ ಬೇಕೆಂಬುದಕ್ಕೆ ಸಂಖ್ಯೆಯು ಉತ್ತರ ಕೊಡುವುದು. ಸಂಸ್ಥಾನದಲ್ಲಿ ಕನ್ನಡದ ಮಾತಿಗೆ ತೂಕವೆಷ್ಟೆಂಬುದಕ್ಕೆ ಪಾಲು ಉತ್ತರ ಕೊಡುವುದು. ಆ ಇಳಿತಕ್ಕೆ ಜನನಮರಣಗಳು ಕಾರಣವೋ, ವಲಸೆಯೋ, ಎಣಿಸುವವರು ಭಾಷೆಯನ್ನು ಬರೆದುಕೊಂಡ ರೀತಿಯೋ ಎಂಬುದನ್ನು ಮಾತ್ರ ಯಾವ ಚಿತ್ರವೂ ಹೇಳಲಾರದು.

ನಾಲ್ಕು ಭಾಷೆಗಳನ್ನೂ ಒಂದೇ ಸ್ತಂಭದಲ್ಲಿ ಒಂದರ ಮೇಲೊಂದಾಗಿ ಪೇರಿಸುವ ಪದ್ಧತಿಯೂ ಉಂಟು. ಶಹಾಬಾದದ ಗಣಿಯಲ್ಲಿ ಹಾಸುಗಲ್ಲುಗಳ ಪದರಗಳನ್ನು ನೋಡಿದವರಿಗೆ ಇದರ ದೋಷವು ಸುಲಭವಾಗಿ ತಿಳಿಯುವುದು. ಕೆಳಗಿನ ಪದರವು ದಪ್ಪವಾದಷ್ಟೂ ಮೇಲಿನದು ತಾನು ಬೆಳೆಯದಿದ್ದರೂ ಎತ್ತರಕ್ಕೆ ಏರಿರುತ್ತದೆ. ತೆಲುಗು ಮರಾಠಿಗಳನ್ನು ಕೆಳಗಿಟ್ಟರೆ, ಒಂದೂವರೆ ಲಕ್ಷದಷ್ಟೇ ಹೆಚ್ಚಿದ ಕನ್ನಡದ ಪದರವು ಮೂವತ್ತು ಲಕ್ಷಕ್ಕೂ ಮೇಲ್ಪಟ್ಟು ಮೇಲೆದ್ದಂತೆ ಕಾಣುವುದು. ನಾಲ್ಕಕ್ಕೂ ಒಂದೇ ನೆಲದಿಂದ ಹೊರಡುವ ಬೇರೆಬೇರೆ ಗೆರೆಗಳನ್ನು ಬರೆದರೆ ಈ ಭ್ರಾಂತಿಯು ಇಲ್ಲ. 1901ರಲ್ಲಿ ಕನ್ನಡದ ಕೆಳಗಿದ್ದ ಉರ್ದುವಿನ ಗೆರೆಯು 1941ರಲ್ಲಿ ಮೇಲಕ್ಕೆ ಹೋದುದೂ ಒಡನೆ ಗೋಚರಿಸುವುದು.

ಎಲ್ಲಕ್ಕಿಂತ ದೊಡ್ಡ ಪ್ರಮಾದವು ವರ್ಗದ ಎಲ್ಲೆಯೇ ಬದಲಾದಾಗ ಉಂಟಾಗುವುದು. 1956ರಲ್ಲಿ ಕೊಡಂಗಲ್ಲು, ತಾಂಡೂರು ತಾಲೂಕುಗಳು ಗುಲಬರ್ಗಾ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದುವು. 2001ರಲ್ಲಿ ಜಿಲ್ಲೆಯ ಜನರು 31.3 ಲಕ್ಷ; 2011ರಲ್ಲಿ 25.7 ಲಕ್ಷ. ಚಿತ್ರವನ್ನು ಮಾತ್ರ ನೋಡಿದವನು ಮತ್ತೊಂದು ಮಹಾಮಾರಿ ಬಂದಿತೆಂದು ಬೆದರಬೇಕು! ಬಂದುದು ಮಾರಿಯಲ್ಲ, ನಡುವೆ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಅದರ 11.7 ಲಕ್ಷವನ್ನು ಕೂಡಿಸಿದರೆ ಹಳೆಯ ಎಲ್ಲೆಯೊಳಗಿನ ಜನರು 37.4 ಲಕ್ಷಕ್ಕೆ ಏರಿದ್ದರು.

ಇದೇ ಪ್ರಸಂಗವು ಚಿತ್ತಾಪುರಕ್ಕೂ ಒದಗಲಿದೆ. ರೈಲು, ಸುಣ್ಣಕಲ್ಲು, ಸಿಮೆಂಟುಗಳಿಂದ ಬೆಳೆದ ವಾಡಿಯೂ ಶಹಾಬಾದವೂ 2011ರ ಗಣತಿಯಲ್ಲಿ ಚಿತ್ತಾಪುರ ತಾಲೂಕಿನ ಲೆಕ್ಕಕ್ಕೆ ಸೇರಿದ್ದುವು. ಆ ಬಳಿಕ ಶಹಾಬಾದವು ಬೇರೆ ತಾಲೂಕಾಯಿತು. ಒಬ್ಬನೂ ಊರು ಬಿಡದಿದ್ದರೂ ಮುಂದಿನ ಗಣತಿಯಲ್ಲಿ ಚಿತ್ತಾಪುರದ ಸ್ತಂಭದಿಂದ ಶಹಾಬಾದದವರು ಕಳೆದುಹೋಗುವರು. ಆಗ ಹಳೆಯ ಎಲ್ಲೆಯ ಲೆಕ್ಕವನ್ನು ಒಟ್ಟುಗೂಡಿಸಿ ಬರೆಯಬೇಕು; ಇಲ್ಲವೇ ಎಲ್ಲೆ ಬದಲಾದ ವರ್ಷದಲ್ಲಿ ಚಿತ್ರವನ್ನು ಕಡಿದು, ಅಲ್ಲಿಯೇ ಕಾರಣವನ್ನು ನಮೂದಿಸಬೇಕು.

ಚಿಂಚೋಳಿಯ ಹಳ್ಳಿಯೊಂದಕ್ಕೆ ಶಾಲೆಯೋ ಆಸ್ಪತ್ರೆಯೋ ಬರುವುದು ಇಂತಹ ಚಿತ್ರಗಳನ್ನು ನೋಡಿ ನಿರ್ಣಯಿಸುವವರ ಕೈಯಲ್ಲಿದೆ. ಬರೆಯುವವನು ಮೊದಲು ಪ್ರಶ್ನೆಯನ್ನೂ, ಬಳಿಕ ಎಲ್ಲೆಯನ್ನೂ ನಿಶ್ಚಯಿಸಿ, ಕಟ್ಟಕಡೆಗೆ ಚಿತ್ರವನ್ನು ಆರಿಸಲಿ. ಪ್ರತಿಯೊಂದು ಅಂಕೆಯ ಹಿಂದೆಯೂ ಒಂದು ಮನೆಯಿದೆ. ಅದನ್ನು ಮರೆತು ಎಳೆದ ಗೆರೆಯು ಎಷ್ಟು ಸುಂದರವಾಗಿದ್ದರೂ ವ್ಯರ್ಥವೇ ಸರಿ.