ಎರಡು ಗುಳಿಗೆಗಳ ಚರಿತ್ರೆ

ನಾಲ್ಕು ವರ್ಷಗಳ ಹಿಂದಿನ ಮಾತು. ಪುಣೆಯ ಹಿಂಜವಡಿಯಿಂದ ಮನೆಗೆ ಕಾರು ಓಡಿಸಿಕೊಂಡು ಬರುತ್ತಿದ್ದೆ. ವಾಕಡ್ ಹತ್ತಿರ ಟ್ರಾಫಿಕ್ ನಿಂತುಬಿಟ್ಟಿತ್ತು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಬೆರಳು ಜುಮ್ಮೆಂದವು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಏನೂ ತೊಂದರೆ ಇರಲಿಲ್ಲ. ಹತ್ತು ದಿನಗಳಲ್ಲಿ ಇದು ಮತ್ತೆರಡು ಸಲ ಆಯಿತು. ಮೂರನೆಯ ಸಲ ತುರ್ತು ವಿಭಾಗದ ವೈದ್ಯರು, ಹೃದಯ ಚೆನ್ನಾಗಿದೆ, ಮನೋವೈದ್ಯರನ್ನು ನೋಡಿ ಎಂದರು.

ಮನೋವೈದ್ಯೆ ಹಿರಿಯ ಮರಾಠಿ ಹೆಂಗಸು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಸ್ಟೇಟಸ್ ರಿಪೋರ್ಟ್ ಬರೆದವನಿಗೆ ಅವರ ಮುಂದೆ ಒಂದು ವಾಕ್ಯ ಹೊರಡಲಿಲ್ಲ. ಕೊನೆಗೆ "ಗಾಬರಿ" ಎಂಬ ಕನ್ನಡ ಮಾತೇ ಬಾಯಿಗೆ ಬಂತು. "ಘಬರಾಟ್, ಹೋ ನಾ?" ಎಂದು ಅವರು ತಲೆಯಾಡಿಸಿದರು. ಎರಡು ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಎಸಿಟಾಲೋಪ್ರಾಮ್, ರಾತ್ರಿ ಕ್ಲೊನಾಜೆಪಾಮ್. ಮೊದಲನೆಯದು ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು, ಶುರುವಿನಲ್ಲಿ ಗಾಬರಿ ಹೆಚ್ಚಿದಂತೆಯೂ ಆಗಬಹುದು, ಹೆದರಿ ಬಿಡಬೇಡಿ. ಎರಡನೆಯದು ಅರ್ಧ ಗಂಟೆಯಲ್ಲಿ ಕೇಳಿಸುತ್ತದೆ, ಆದರೆ ಅದು ಮೂರು ವಾರಕ್ಕೆ ಮಾತ್ರ, ಆಮೇಲೆ ಇಳಿಸಬೇಕು. ಇಷ್ಟನ್ನು ಬಿಡಿಸಿ ಹೇಳಿದ್ದರು.

ನಾನು ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಬೆಳಗಿನ ಗುಳಿಗೆಯಿಂದ ಹೊಟ್ಟೆ ತೊಳೆಸುತ್ತಿತ್ತು, ಕೈ ನಡುಗುತ್ತಿತ್ತು, ಲಾಭವೇನೂ ಕಾಣಲಿಲ್ಲ. ಒಂಬತ್ತನೆಯ ದಿನ ನಿಲ್ಲಿಸಿದೆ. ರಾತ್ರಿಯದು ನುಂಗಿದರೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಗುತ್ತಿತ್ತು. ಅದನ್ನು ಇಟ್ಟುಕೊಂಡೆ. ಒಂದು ಎರಡಾಯಿತು, ಎರಡು ತಿಂಗಳಾಯಿತು. ಪರಿಚಯದ ಮೆಡಿಕಲ್ ಅಂಗಡಿಯವನು ಚೀಟಿ ಕೇಳುವುದನ್ನು ಬಿಟ್ಟಿದ್ದ.

ಒಂದು ಭಾನುವಾರ ಧಾರವಾಡದಿಂದ ಅವ್ವನ ಫೋನು. "ಯಾಕೋ ತಮ್ಮಾ, ದನಿ ಹಿಂಗ್ಯಾಕ ಸಣ್ಣ ಆಗೈತಿ?" ಹೇಳಿಬಿಟ್ಟೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಗುಳಗಿ ಬ್ಯಾಡಪಾ. ನಿಮ್ಮ ಅತ್ತಿ ಗತಿ ಏನಾತು ನೆನಪೈತಿಲ್ಲೋ?"

ನೆನಪಿತ್ತು. ಹುಬ್ಬಳ್ಳಿಯ ಸೋದರತ್ತೆಯ ದಿಂಬಿನ ಕೆಳಗೆ ಸದಾ ಕಾಂಪೋಸ್ ಗುಳಿಗೆಯ ಪಟ್ಟಿ ಇರುತ್ತಿತ್ತು. ಗದಗಿನ ಒಂದು ಮದುವೆಗೆ ಹೋದಾಗ ಅದನ್ನು ಮರೆತು ಬಂದಿದ್ದಳು. ನಾಲ್ಕನೆಯ ದಿನ ಮೈಯೆಲ್ಲ ನಡುಗಿ, ಗೋಡೆ ಹಿಡಿದು ಕೂತಳು. ಮೈಯಾಗ ಬಂದೈತಿ ಎಂದು ಹಿರಿಯರು ನಿಂಬೆಹಣ್ಣು ಇಳಿಸಿ ಹಾಕಿದರು. ಆಗ ನನಗೆ ಹತ್ತು ವರ್ಷ. ಅತ್ತೆಯ ಗುಳಿಗೆಗೂ ನನ್ನ ರಾತ್ರಿಯ ಗುಳಿಗೆಗೂ ಏನು ಸಂಬಂಧ ಎಂದು ತಿಳಿಯಲು ಅಂದು ರಾತ್ರಿ ಓದಲು ಕೂತೆ. ಪ್ರಾಜೆಕ್ಟ್ ಕೆಟ್ಟಾಗ ಹಿಂದಿನಿಂದ ಬಗೆದು ನೋಡುವುದು ನನ್ನ ವೃತ್ತಿಯ ಅಭ್ಯಾಸ.

ಈ ಕಾಯಿಲೆಯನ್ನು ಮೊದಲು ಕಂಡವರು ಹೃದಯದ ಕಾಯಿಲೆ ಎಂದೇ ಕಂಡರು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಉಸಿರುಗಟ್ಟುವಿಕೆ ನೋಡಿದ ಜೇಕಬ್ ಡಾ ಕೋಸ್ಟಾ ಎಂಬ ವೈದ್ಯ 1871ರಲ್ಲಿ ಅದನ್ನು ಕೆರಳಿದ ಹೃದಯ ಎಂದು ಕರೆದ. ಆ ಕಾಲದಲ್ಲಿ ಗಾಬರಿಗೆ ಕೊಡುತ್ತಿದ್ದದ್ದು ಬ್ರೋಮೈಡ್ ಉಪ್ಪು. 1857ರಲ್ಲಿ ಚಾರ್ಲ್ಸ್ ಲೊಕಾಕ್ ಮೂರ್ಛೆರೋಗಕ್ಕೆ ಅದು ಉಪಯೋಗಕ್ಕೆ ಬರುತ್ತದೆ ಎಂದ ಮೇಲೆ ನರದೌರ್ಬಲ್ಯಕ್ಕೂ ಅದೇ ಬಂತು. ಬ್ರೋಮೈಡ್ ಮೈಯಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ದಿನಾ ಕುಡಿದವರಲ್ಲಿ ಅದು ಸೇರುತ್ತ ಹೋಗಿ ಚರ್ಮದ ಮೇಲೆ ಗುಳ್ಳೆ, ಬುದ್ಧಿಭ್ರಮೆ ತಂದಿತು.

20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಎಮಿಲ್ ಫಿಶರ್ ಮತ್ತು ಜೋಸೆಫ್ ಫಾನ್ ಮೆರಿಂಗ್ ಅವರ ವೆರೋನಾಲ್ ಬಂತು. ಬಾರ್ಬಿಟ್ಯುರೇಟ್ ಎಂಬ ದೊಡ್ಡ ಕುಟುಂಬದ ಹಿರಿಯಣ್ಣ ಅದು. ಆ ಕುಟುಂಬದ ಫಿನೋಬಾರ್ಬಿಟಾಲ್ ಅನ್ನು ನಮ್ಮಲ್ಲಿ ಗಾರ್ಡಿನಾಲ್ ಎಂಬ ಹೆಸರಿನಿಂದ ಇಂದಿಗೂ ಮೂರ್ಛೆಗೆ ಕೊಡುತ್ತಾರೆ. ಇವುಗಳ ದೊಡ್ಡ ತೊಂದರೆಯೆಂದರೆ ನಿದ್ದೆ ಬರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ಕಡಿಮೆ. ರೂಢಿಯಾದ ಮೇಲೆ ತಟ್ಟನೆ ಬಿಟ್ಟರೆ ಫಿಟ್ಸ್ ಬರುತ್ತಿತ್ತು.

ಮುಂದಿನದು ಆಕಸ್ಮಿಕ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿದ್ದ ಫ್ರಾಂಕ್ ಬರ್ಗರ್ ಪೆನಿಸಿಲಿನ್ ಕೆಡದಂತೆ ಕಾಪಾಡುವ ರಾಸಾಯನಿಕ ಹುಡುಕುತ್ತಿದ್ದರು. ಅವರು ಪರೀಕ್ಷಿಸಿದ ಒಂದು ವಸ್ತು ಪ್ರಾಣಿಗಳನ್ನು ಮಲಗಿಸದೆಯೇ ಶಾಂತಗೊಳಿಸಿತು. ಆಮೇಲೆ ಅಮೆರಿಕಕ್ಕೆ ಹೋಗಿ ಅದರ ಜಾಡಿನಲ್ಲೇ ಮೆಪ್ರೊಬಮೇಟ್ ತಯಾರಿಸಿದರು. 1955ರಲ್ಲಿ ಅದು ಮಿಲ್‌ಟೌನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನ್ಯೂಜೆರ್ಸಿಯ ಒಂದು ಸಣ್ಣ ಊರಿನ ಹೆಸರು ಅದು. ಗುಳಿಗೆಗಾಗಿ ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಇದೂ ಚಟ ಹಿಡಿಸುತ್ತದೆ ಎಂದು ತಿಳಿಯಿತು.

ಅದೇ ನ್ಯೂಜೆರ್ಸಿಯಲ್ಲಿ, ಹಾಫ್‌ಮನ್ ಲಾ ರೋಶ್ ಕಂಪನಿಯಲ್ಲಿ ಲಿಯೊ ಸ್ಟರ್ನ್‌ಬ್ಯಾಕ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಯಹೂದಿಯಾದ ಅವರು 1941ರಲ್ಲಿ ಯುರೋಪು ಬಿಟ್ಟು ಬಂದವರು. 1957ರಲ್ಲಿ ಪ್ರಯೋಗಾಲಯ ಸ್ವಚ್ಛ ಮಾಡುವಾಗ, ಎರಡು ವರ್ಷದಿಂದ ಯಾರೂ ಪರೀಕ್ಷಿಸದೆ ಬಿದ್ದಿದ್ದ ಒಂದು ಪುಡಿ ಸಿಕ್ಕಿತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. ಅದು 1960ರಲ್ಲಿ ಲಿಬ್ರಿಯಂ ಆಯಿತು. ಅದರ ತಮ್ಮ ವೇಲಿಯಂ, ಅಂದರೆ ಡಯಾಜೆಪಾಮ್, ಬಂದದ್ದು 1963ರಲ್ಲಿ. ಬಾರ್ಬಿಟ್ಯುರೇಟಿಗಿಂತ ಇವು ಎಷ್ಟೋ ಸುರಕ್ಷಿತ. ಹಾಗಾಗಿ ವೈದ್ಯರು ಧಾರಾಳವಾಗಿ ಬರೆದರು. 1969ರಿಂದ 1982ರವರೆಗೆ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬರೆದುಕೊಟ್ಟ ಔಷಧ ವೇಲಿಯಂ. ನಮ್ಮ ದೇಶದಲ್ಲಿ 1960ರ ದಶಕದ ಕೊನೆಗೆ ರ‍್ಯಾನ್‌ಬ್ಯಾಕ್ಸಿ ಕಂಪನಿ ಇದೇ ಡಯಾಜೆಪಾಮ್ ಅನ್ನು ಕಾಂಪೋಸ್ ಎಂಬ ಹೆಸರಿನಲ್ಲಿ ಮಾರಿತು. ಆ ಕಂಪನಿಯನ್ನು ದೊಡ್ಡದು ಮಾಡಿದ್ದೇ ಆ ಗುಳಿಗೆ. ಹುಬ್ಬಳ್ಳಿಯ ಅತ್ತೆಯ ದಿಂಬಿನ ಕೆಳಗಿದ್ದದ್ದು ಅದೇ. ನನ್ನ ಕ್ಲೊನಾಜೆಪಾಮ್ ಅದೇ ಬೆಂಜೋಡಯಾಜೆಪೀನ್ ಮನೆತನದ್ದು.

ಇವು ಮಿದುಳಿನಲ್ಲಿ ಗಾಬಾ ಎಂಬ ವಸ್ತುವಿನ ಕೆಲಸವನ್ನು ಹೆಚ್ಚಿಸುತ್ತವೆ. ಗಾಬಾ ಎಂದರೆ ಮಿದುಳಿನ ಬ್ರೇಕು. ದಿನಾ ಹೊರಗಿನಿಂದ ಯಾರೋ ಬ್ರೇಕ್ ಒತ್ತುತ್ತಿದ್ದರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಒಮ್ಮೆಲೇ ಗುಳಿಗೆ ನಿಲ್ಲಿಸಿದರೆ ಗಾಬರಿ ಮೊದಲಿಗಿಂತ ಜೋರಾಗಿ ಬರುತ್ತದೆ. ಅದನ್ನು ಮೂಲ ಕಾಯಿಲೆಯೇ ಮರಳಿತೆಂದು ತಿಳಿದು ರೋಗಿ ಮತ್ತೆ ನುಂಗುತ್ತಾನೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ ಹನ್ನೆರಡು ವರ್ಷ, ಇದರಿಂದ ಹೊರಬರಲು ಬಯಸಿದವರಿಗಾಗಿಯೇ ಕ್ಲಿನಿಕ್ ನಡೆಸಿದರು. ಅವರ ದಾರಿ ಬಹಳ ನಿಧಾನದ್ದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುವುದು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಇವನ್ನು ಎರಡರಿಂದ ನಾಲ್ಕು ವಾರಕ್ಕೆ ಮಾತ್ರ ಕೊಡಬೇಕೆಂದು ವೈದ್ಯರಿಗೆ ತಿಳಿಸಿತು. ನನ್ನ ಡಾಕ್ಟರಮ್ಮ ಹೇಳಿದ ಮೂರು ವಾರದ ಲೆಕ್ಕ ಎಲ್ಲಿಂದ ಬಂತೆಂದು ಆಗ ತಿಳಿಯಿತು. ನಮ್ಮಲ್ಲಿ ಆಲ್ಪ್ರಜೋಲಾಮ್, ಡಯಾಜೆಪಾಮ್ 2014ರಿಂದ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ಕೊಂಡವರ ಹೆಸರು, ವೈದ್ಯರ ಹೆಸರು ಬರೆದು ಆ ಪುಸ್ತಕವನ್ನು ಮೂರು ವರ್ಷ ಇಡಬೇಕು.

ಇಷ್ಟು ಓದಿ ಅವ್ವನ ಮಾತೇ ಖರೆ ಎನ್ನಿಸಿತು. ಎಲ್ಲ ಗುಳಿಗೆ ಬಿಟ್ಟು ಬೇರು ನಾರಿನ ಔಷಧಕ್ಕೆ ಹೋಗುವುದೇ ಮೇಲು ಎಂದು ಭಾವನೂ ವಾಟ್ಸಾಪಿನಲ್ಲಿ ಸರ್ಪಗಂಧದ ಚಿತ್ರ ಕಳಿಸಿದ್ದರು. ಆದರೆ ಸರ್ಪಗಂಧಕ್ಕೂ ಒಂದು ಚರಿತ್ರೆ ಇದೆ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಒಳ್ಳೆಯದೆಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತಮ್ ವಕೀಲ್ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. 1955ರಲ್ಲಿ ಲಂಡನ್ನಿನಲ್ಲಿ ಆತಂಕ, ಖಿನ್ನತೆಯ ರೋಗಿಗಳ ಮೇಲೆ ಅದರ ಪರೀಕ್ಷೆ ನಡೆದು ಒಳ್ಳೆಯ ಫಲವೂ ಕಂಡಿತು. ಆದರೆ ರಕ್ತದೊತ್ತಡಕ್ಕೆ ಅದನ್ನು ತೆಗೆದುಕೊಂಡ ಕೆಲವರಲ್ಲಿ ಖಿನ್ನತೆ ಕವಿಯಿತೆಂಬ ವರದಿಗಳು ಬಂದವು. ಹೊಸ ಗುಳಿಗೆಗಳು ಬಂದಂತೆ ಅದು ಹಿಂದೆ ಸರಿಯಿತು. ಬೇರಿನಿಂದ ಬಂದದ್ದಕ್ಕೂ ಪ್ರಮಾಣ ಬೇಕು, ಅಡ್ಡಪರಿಣಾಮ ಇದೆ.

ಹಾಗಾದರೆ ನಾನು ಒಂಬತ್ತೇ ದಿನಕ್ಕೆ ಬಿಟ್ಟ ಬೆಳಗಿನ ಗುಳಿಗೆ ಯಾವ ಮನೆತನದ್ದು? ಅದರ ದಾರಿ ತೆರೆದದ್ದು ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ. ಅಲ್ಲಿ ಡೊನಾಲ್ಡ್ ಕ್ಲೈನ್ ಎಂಬ ತರುಣ ಮನೋವೈದ್ಯ 1950ರ ದಶಕದ ಕೊನೆಗೆ, ಆಗಷ್ಟೇ ಬಂದಿದ್ದ ಇಮಿಪ್ರಮಿನ್ ಎಂಬ ಖಿನ್ನತೆಯ ಔಷಧವನ್ನು ಬೇರೆ ಔಷಧಗಳಿಗೆ ಬಗ್ಗದ ಗಾಬರಿಯ ರೋಗಿಗಳಿಗೂ ಕೊಟ್ಟು ನೋಡಿದರು. ಈ ರೋಗಿಗಳು ದಿನಕ್ಕೆ ಹಲವು ಸಲ, ಸಾಯುತ್ತಿದ್ದೇನೆ ಎಂದು ನರ್ಸುಗಳ ಕೋಣೆಗೆ ಓಡುತ್ತಿದ್ದರು. ವಾರಗಳು ಕಳೆದವು. ಏನೂ ಉಪಯೋಗವಿಲ್ಲ ಎಂದರು ರೋಗಿಗಳು. ಅವರ ಚಿಕಿತ್ಸಕರೂ ಅದನ್ನೇ ಹೇಳಿದರು. ಇಲ್ಲ, ಅವರು ಓಡಿಬರುವುದು ನಿಂತಿದೆ ಎಂದದ್ದು ನರ್ಸುಗಳು ಮಾತ್ರ. ಗಾಬರಿ ಮತ್ತೆ ಬಂದೀತೆಂಬ ಹೆದರಿಕೆ ರೋಗಿಗಳಲ್ಲಿ ಇನ್ನೂ ಇತ್ತು. ಗಾಬರಿಯ ಹೊಡೆತವೇ ನಿಂತುಹೋಗಿದ್ದು ಅವರ ಗಮನಕ್ಕೆ ಬಂದಿರಲಿಲ್ಲ. ಸದಾ ಇರುವ ಆತಂಕ ಬೇರೆ, ಹಠಾತ್ತನೆ ಎರಗುವ ಗಾಬರಿ ಬೇರೆ ಎಂದು ಕ್ಲೈನ್ ವಾದಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪ್ಯಾನಿಕ್ ಡಿಸಾರ್ಡರ್ ಎಂಬ ಪ್ರತ್ಯೇಕ ಹೆಸರು ಕೊಟ್ಟಿತು. ಇಮಿಪ್ರಮಿನ್‌ಗಿಂತ ಅಡ್ಡಪರಿಣಾಮ ಕಡಿಮೆ ಇರುವ, ಸೆರೊಟೊನಿನ್ ಮೇಲೆ ಕೆಲಸ ಮಾಡುವ ಗುಳಿಗೆಗಳು 1980ರ ದಶಕದ ಕೊನೆಯಿಂದ ಬಂದವು. ಎಸಿಟಾಲೋಪ್ರಾಮ್ ಅವುಗಳಲ್ಲಿ ಒಂದು. ಇಮಿಪ್ರಮಿನ್‌ನಂತೆ ಇವೂ ನಿಧಾನ, ಶುರುವಿನಲ್ಲಿ ಚಡಪಡಿಕೆ ಹೆಚ್ಚಿಸಬಲ್ಲವು. ನಾಲಗೆಗೆ ಚಟ ಹತ್ತಿಸದಿದ್ದರೂ ತಟ್ಟನೆ ಬಿಟ್ಟರೆ ತಲೆ ತಿರುಗುವುದು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಉಂಟು.

ಬೇಗ ಕೇಳಿಸಿದ್ದೇ ಒಳ್ಳೆಯ ಗುಳಿಗೆ ಎಂದು ನೂರು ವರ್ಷ ಜಗತ್ತು ಮಾಡಿದ ತಪ್ಪನ್ನು ನಾನು ಎರಡು ತಿಂಗಳಲ್ಲಿ ಮಾಡಿ ಮುಗಿಸಿದ್ದೆ.

ಮರುದಿನ ಡಾಕ್ಟರಮ್ಮನ ಬಳಿ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಎಸಿಟಾಲೋಪ್ರಾಮ್ ಅರ್ಧ ಗುಳಿಗೆಯಿಂದ ಮತ್ತೆ ಶುರು ಮಾಡಿದರು. ಕ್ಲೊನಾಜೆಪಾಮ್ ಅನ್ನು ಹತ್ತು ವಾರಗಳಲ್ಲಿ ಇಳಿಸುವ ಪಟ್ಟಿ ಬರೆದುಕೊಟ್ಟರು. ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೂ ಕಳಿಸಿದರು. ಗಾಬರಿಗೆ ಅದೂ ಔಷಧದಷ್ಟೇ ಪರೀಕ್ಷೆಗೆ ನಿಂತ ದಾರಿ. ಟ್ರಾಫಿಕ್ಕಿಗೆ ಹೆದರಿ ರಜೆ ಹಾಕುತ್ತಿದ್ದವನನ್ನು ಮತ್ತೆ ಕಾರಿನಲ್ಲಿ ಕೂರಿಸಿದ್ದು ಅದು.

ಆರನೆಯ ವಾರ ನನ್ನದು ಅದೇ ರಾಗ. "ಏನೂ ಫರಕ್ ಆಗಿಲ್ಲ. ಈ ಗುಳಿಗೆ ನನಗಲ್ಲ" ಎಂದು ಹೆಂಡತಿಗೆ ಹೇಳಿದೆ. ಅವಳು ಅಡುಗೆಮನೆಗೆ ಹೋಗಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ತಂದಳು. ರಾತ್ರಿ ನಾನು ಅವಳನ್ನು ಎಬ್ಬಿಸಿದ ದಿನಗಳಿಗೆಲ್ಲ ಒಂದು ಚುಕ್ಕೆ ಇಟ್ಟಿದ್ದಳು. ಮೊದಲ ತಿಂಗಳು ಹತ್ತೊಂಬತ್ತು ಚುಕ್ಕೆ. ಕಳೆದ ಎರಡು ವಾರದಲ್ಲಿ ಎರಡು. "ಎಣಸ್ರಿ ನೀವ" ಎಂದಳು. ಎಣಿಸಿದೆ. ಹಿಲ್‌ಸೈಡಿನ ನರ್ಸುಗಳ ಕಥೆ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಹೇಳಿದೆ.

ಒಂದೂವರೆ ವರ್ಷ ಗುಳಿಗೆ ತೆಗೆದುಕೊಂಡೆ. ಆಮೇಲೆ ವೈದ್ಯರೇ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಎಲ್ಲರಿಗೂ ಇದೇ ಗುಳಿಗೆ, ಇಷ್ಟೇ ಕಾಲ ಎಂದಲ್ಲ. ಕೆಲವರಿಗೆ ಎರಡನೆಯದು, ಮೂರನೆಯದು ಹೊಂದುತ್ತದೆ. ಕೆಲವರಿಗೆ ಹೆಚ್ಚು ವರ್ಷ ಬೇಕಾಗುತ್ತದೆ. ಹೊಂದುತ್ತಿಲ್ಲ ಎನ್ನಿಸಿದರೆ ವೈದ್ಯರಿಗೆ ಹೇಳಿ, ಸ್ವಂತ ಬುದ್ಧಿಯಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಬೇಡಿ. ಊರು ಬಿಟ್ಟು ಬಂದ ನಮಗೆ ಈ ಮಾತನ್ನು ನಮ್ಮ ಭಾಷೆಯಲ್ಲಿ ಆಡಲು ಜನ ಸಿಗುವುದಿಲ್ಲ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ.

ಅವ್ವನಿಗೆ ಎರಡು ಗುಳಿಗೆಗಳ ವ್ಯತ್ಯಾಸ ಫೋನಿನಲ್ಲಿ ಬಿಡಿಸಿ ಹೇಳಲು ಎರಡು ಭಾನುವಾರ ಬೇಕಾದವು. ಎಲ್ಲ ಕೇಳಿ ಕೊನೆಗೆ ಒಂದೇ ಮಾತು ಕೇಳಿದಳು: "ಹಂಗಾರ ನಿಮ್ಮ ಅತ್ತಿಗೆ ಯಾರೂ ಇದನ್ನ ಹೇಳಲಿಲ್ಲಲ್ಲೋ?"