ರವಿವಾರದ ವಿದ್ಯೆ

ಕೊಪ್ಪಳದಲ್ಲಿ ಬಸ್ಸು ಹತ್ತಿದರೆ ಕಿನ್ನಾಳಕ್ಕೆ ಹೆಚ್ಚು ಹೊತ್ತಿನ ಪ್ರಯಾಣವಿಲ್ಲ. ಆ ಊರಿನ ಹೆಸರು ಕಿವಿಗೆ ಬಿದ್ದೊಡನೆ ನಾಡಿನ ಜನಕ್ಕೆ ನೆನಪಾಗುವುದು ಬಣ್ಣದ ಬೊಂಬೆ. ಚಿತ್ರಗಾರರ ಮನೆಗಳಲ್ಲಿ ತಂದೆಯಿಂದ ಮಗನಿಗೆ ಇಳಿದುಬಂದ ಕಸಬು ಅದು. ಗರುಡ, ಹನುಮ, ಗೌರಿ, ಆನೆ, ಗಿಳಿ ಎಲ್ಲವೂ ಅಲ್ಲಿ ಕಟ್ಟಿಗೆಯಿಂದ ಎದ್ದುಬರುತ್ತವೆ. ವಿಜಯನಗರದ ಅರಸರು ತಮ್ಮ ಹಿರಿಯರಿಗೆ ಆಶ್ರಯ ಕೊಟ್ಟಿದ್ದರೆಂದೂ ಹಂಪೆಯ ವಿರೂಪಾಕ್ಷನ ಗುಡಿಯ ಚಾವಣಿಯ ಚಿತ್ರಗಳು ಅವರ ಕೈಯವೇ ಎಂದೂ ಆ ಮನೆತನಗಳು ಹೇಳಿಕೊಳ್ಳುತ್ತವೆ. ಈಗ ಈ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂಬುದನ್ನು ಏಳನೆಯ ಇಯತ್ತೆಯ ಒಬ್ಬ ಹುಡುಗ ತೋರಿಸಿಕೊಟ್ಟ.

ನಮ್ಮ ಭಾಗದಲ್ಲಿ ನಿಸರ್ಗಪ್ರಿಯರ ಒಂದು ಚಿಕ್ಕ ಬಳಗವುಂಟು. ಅದಕ್ಕೆ ಕಚೇರಿಯೂ ಇಲ್ಲ, ಬೊಕ್ಕಸವೂ ಇಲ್ಲ. ಒಬ್ಬರು ಬ್ಯಾಂಕಿನ ಗುಮಾಸ್ತರು, ಒಬ್ಬರು ಔಷಧದ ಅಂಗಡಿಯವರು, ಇಬ್ಬರು ಶಾಲಾ ಮಾಸ್ತರರು. ಕೆಲವು ವರ್ಷಗಳ ಹಿಂದೆ ಇವರ ಜೊತೆಗೆ ಕನ್ನಡ ಪಾಠ ಹೇಳುವ ನಾನೂ ಸೇರಿಕೊಂಡೆ. ರವಿವಾರ ಬಂತೆಂದರೆ ಯಾವುದಾದರೂ ಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ಕೆರೆಯ ಏರಿಗೋ ಗುಡ್ಡದ ಓರೆಗೋ ಹೋಗುವುದು, ಕಂಡದ್ದನ್ನು ವಹಿಯಲ್ಲಿ ಬರೆಯಿಸುವುದು, ಇಷ್ಟೇ ನಮ್ಮ ಕಾರ್ಯಕ್ರಮ. ಹೀಗೊಂದು ರವಿವಾರ ಮಕ್ಕಳನ್ನು ಕಿನ್ನಾಳಕ್ಕೆ ಕರೆದೊಯ್ದಿದ್ದೆವು.

ವೃದ್ಧ ಚಿತ್ರಗಾರರೊಬ್ಬರು ತಮ್ಮ ಪಡಸಾಲೆಯಲ್ಲಿ ಕುಳಿತು ಕೆಲಸದ ಬಗೆಯನ್ನು ಮಕ್ಕಳಿಗೆ ವಿವರಿಸಿದರು. ಕಟ್ಟಿಗೆ ಪೊಳಕಿ ಮರದ್ದು. ಎತ್ತಿದರೆ ಭಾರವೇ ಇಲ್ಲ, ಉಳಿ ತಾಗಿಸಿದರೆ ಬೆಣ್ಣೆಯಂತೆ ಬಿಡುತ್ತದೆ. ಬೊಂಬೆಯ ಅಂಗಗಳನ್ನು ಕೂಡಿಸಲು 'ಕಿಟ್ಟ'ವೆಂಬ ಅಂಟು ಬೇಕು. ಗೋಣಿಯ ಚಿಂದಿಯನ್ನು ನೆನೆಯಿಸಿ, ಚೂರು ಮಾಡಿ, ಒಣಗಿಸಿ, ಪುಡಿಮಾಡಿ, ಹುಣಸೆ ಬೀಜದ ಸರಿಯಲ್ಲಿ ಕಲಸಿದರೆ ಅದು ಸಿದ್ಧ. ಅದರ ಮೇಲೆ ಅರಿವೆಯ ತುಂಡು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಇದನ್ನೆಲ್ಲ ಕೇಳುತ್ತಿದ್ದ ಹುಡುಗ ಎದ್ದು ನಿಂತ.

"ಅಜ್ಜಾರ, ಆ ಪೊಳಕಿ ಗಿಡ ಎಲ್ಲಿ ಐತ್ರಿ? ನಮಗ ತೋರಸ್ರಿ."

ಮುದುಕರು ನಕ್ಕರು. "ಗುಡ್ಡದಾಗ ಇರತಿತ್ತು ತಮ್ಮಾ. ನಾ ಸಣ್ಣಾಂವ ಇದ್ದಾಗ ನಮ್ಮಪ್ಪನ ಕೂಡ ಹೋಗಿ ನೋಡೀನಿ. ಈಗ ಕಟಗಿ ತರಾವ್ರು ತಂದ್ರ ಉಂಟು, ಇಲ್ಲಂದ್ರ ಇಲ್ಲ. ನಿಮ್ಮ ಸರ್ ಅದಾರಲ್ಲ, ಅವರನ್ನ ಕೇಳು. ಓದಿದಾವ್ರು."

ಓದಿದವನು ತಲೆ ತಗ್ಗಿಸಬೇಕಾಯಿತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣವೇ ಇಂದಿನ ಕೊಪ್ಪಳ ಎಂದು ನಾನು ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಆ ಕೊಪಣದ ಗುಡ್ಡದ ಮರವೊಂದನ್ನು ನಾನು ಕಂಡಿರಲಿಲ್ಲ, ಕಂಡಿದ್ದರೂ ಗುರುತಿಸುತ್ತಿರಲಿಲ್ಲ. ಮಣ್ಣಿನ ಹೆಸರು ಬಲ್ಲವನಿಗೆ ಆ ಮಣ್ಣಿನಲ್ಲಿ ಬೆಳೆದದ್ದರ ಪರಿಚಯವಿರಲಿಲ್ಲ. ಈ ಅಜ್ಞಾನ ನನ್ನೊಬ್ಬನದೆಂದು ವಾಚಕರು ತಿಳಿಯಬಾರದು. ಇದಕ್ಕೊಂದು ಚರಿತ್ರೆಯಿದೆ.

ನಮ್ಮ ದೇಶದಲ್ಲಿ ಕಾಡು, ಹಕ್ಕಿ, ಹುಳುಗಳನ್ನು ಬಿಡುವಿನ ವೇಳೆಯಲ್ಲಿ ಕೂಡಿ ಅಭ್ಯಾಸ ಮಾಡುವವರ ಸಂಘಗಳಲ್ಲಿ ಹೆಸರಾಂತದ್ದು ಬೊಂಬಾಯಿಯ ನಿಸರ್ಗ ಚರಿತ್ರೆಯ ಸಂಘ. ೧೮೮೩ರ ಸೆಪ್ಟೆಂಬರ್ ೧೫ರಂದು ಎಂಟು ಮಂದಿ ಅದನ್ನು ಆರಂಭಿಸಿದರು. ಅವರಲ್ಲಿ ಇಬ್ಬರು ಭಾರತೀಯರು, ಇಬ್ಬರೂ ವೈದ್ಯರು: ಪ್ರಾರ್ಥನಾ ಸಮಾಜದ ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ. ಎಂಟು ಮಂದಿಯಲ್ಲಿ ಇನ್ನೊಬ್ಬನಾದ ಇ. ಎಚ್. ಏಟ್ಕೆನ್ ಸುಂಕದ ಇಲಾಖೆಯ ಅಧಿಕಾರಿ. ಈತನಿಗೂ ನಮ್ಮ ನಾಡಿಗೂ ನಂಟುಂಟು. ಡೇವಿಡ್ಸನ್ ಎಂಬ ಕಂದಾಯದ ಅಧಿಕಾರಿ, ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಮತ್ತು ಏಟ್ಕೆನ್ ಮೂವರೂ ಕೂಡಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದ ದೀರ್ಘ ಲೇಖನಮಾಲೆ ೧೮೯೬ರಿಂದ ಆ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ಕಂಬಳಿಹುಳು ಯಾವ ಗಿಡದ ಎಲೆ ತಿನ್ನುತ್ತದೆ ಎಂಬುದನ್ನು ಇವರು ಮನೆಯಲ್ಲಿ ಹುಳು ಸಾಕಿ ಕಂಡುಕೊಂಡರು. ಬೆಲ್ ನಿವೃತ್ತನಾದ ಮೇಲೂ ಕಾರವಾರವನ್ನು ಬಿಡಲಿಲ್ಲ. ೧೯೪೮ರಲ್ಲಿ ಅಲ್ಲಿಯೇ ಮಣ್ಣಾದ.

ಇತ್ತ ನಮ್ಮ ಕೊಪ್ಪಳ ನಿಜಾಮರ ರಾಜ್ಯಕ್ಕೆ ಸೇರಿತ್ತು. ಸಾಲಾರ್ ಜಂಗ್ ಮನೆತನದ ಜಹಗೀರು. ಆ ಹೈದರಾಬಾದು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಸಾಲಿಂ ಅಲಿಯವರು ೧೯೩೧-೩೨ರಲ್ಲಿ ನಡೆಯಿಸಿದರು. ಮೈಸೂರು ಸಂಸ್ಥಾನದ ಸಮೀಕ್ಷೆ ೧೯೩೯-೪೦ರಲ್ಲಿ ಆಯಿತು. ಕನ್ನಡ ನಾಡು ಒಂದಾದದ್ದು ೧೯೫೬ರಲ್ಲಿ. ಅದಕ್ಕೆ ಮೊದಲು ಕಾರವಾರ ಒಂದು ಆಳ್ವಿಕೆಯಲ್ಲಿ, ಕೊಪ್ಪಳ ಇನ್ನೊಂದರಲ್ಲಿ, ಮೈಸೂರು ಮತ್ತೊಂದರಲ್ಲಿ. ಆದರೂ ಮೂರು ಕಡೆಯ ಜೀವಿಗಳ ಲೆಕ್ಕ ಬೊಂಬಾಯಿಯ ಒಂದೇ ಪತ್ರಿಕೆಯ ಪುಟಗಳಲ್ಲಿ ಸೇರಿತು. ಸೇರಿದ್ದು ಇಂಗ್ಲಿಷಿನಲ್ಲಿ. ಹಕ್ಕಿಯನ್ನು ದಿನವೂ ಕಾಣುತ್ತಿದ್ದ ಕುರಿಗಾಹಿಗೂ ಆ ಪುಟಕ್ಕೂ ನಡುವೆ ಹಾದಿಯಿರಲಿಲ್ಲ. ಪುಟವನ್ನು ಓದಬಲ್ಲ ಪಟ್ಟಣಿಗನಿಗೂ ಕುರಿಗಾಹಿಗೂ ನಡುವೆ ಮಾತೇ ಇರಲಿಲ್ಲ. ನನ್ನ ಅಜ್ಞಾನದ ಬೇರು ಇರುವುದು ಇಲ್ಲಿ.

ಈ ಹಾದಿಯನ್ನು ಕಡಿದವರು ನಮ್ಮ ಲೇಖಕರು ಕೆಲವರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನೂ ಒಬ್ಬರೇ ಬರೆದು ಮುಗಿಸಿದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಗಿಡಮರಗಳನ್ನು ಕುರಿತ ಪುಸ್ತಕವೂ ಸಾಹಿತ್ಯವೇ ಎಂದು ಒಪ್ಪಿದಂತಾಯಿತು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕನ್ನಡದ ಮನೆಮನೆಗೆ ತಂದರು. ಪುಸ್ತಕ ಓದಿದವರಿಗೆ ಹೊರಗೆ ಹೋಗಿ ನೋಡುವ ಆಸೆ ಹುಟ್ಟಿತು.

ನೋಡುವ ಸಂಘಗಳೂ ಅಷ್ಟರಲ್ಲಿ ಹುಟ್ಟಿದ್ದವು. ೧೯೭೨ರಲ್ಲಿ ಬೆಂಗಳೂರಿನ ಪಕ್ಷಿವೀಕ್ಷಕರ ಸಂಘ ಆರಂಭವಾಯಿತು. ತಿಂಗಳ ಎರಡನೆಯ ರವಿವಾರ ಲಾಲ್‌ಬಾಗಿನಲ್ಲಿ ಕೂಡುವುದು ಅವರ ವಾಡಿಕೆ. ಆದರೆ ನೋಡುವುದರಿಂದ ಮಾಡುವುದಕ್ಕೆ ದಾಟಿದ ಉದಾಹರಣೆ ಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ೧೯೭೬ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಸಂಗತಿಯನ್ನು ಲೋಕದ ಗಮನಕ್ಕೆ ತಂದರು. ೧೯೯೪ರಿಂದ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ತಂಡ ಅಲ್ಲಿಗೆ ಹೋಗಿ ಊರವರ ಜೊತೆ ಕೆಲಸ ಮಾಡತೊಡಗಿತು. ಊರ ಯುವಕರು 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಇವರ ಕೆಲಸ. ಹಕ್ಕಿಗಳಿದ್ದಾಗ ಹುಣಸೆ ಹಣ್ಣು ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಹಣ ಕೊಡುತ್ತದೆ. ೨೦೦೭ರಲ್ಲಿ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವೆನಿಸಿತು. ಹೊರಗಿನಿಂದ ಬಂದವರು ತಿಳಿಸಿದ್ದೆಷ್ಟೋ, ಊರವರಿಂದ ತಿಳಿದುಕೊಂಡದ್ದೂ ಅಷ್ಟೇ. ಕೆಲಸ ಬಾಳಿದ್ದು ಅದರಿಂದಲೇ ಎಂದು ನನ್ನ ಭಾವನೆ.

ಕೊಪ್ಪಳದ ಸೀಮೆಯನ್ನು ಬರಡು ಕಲ್ಲಿನ ನಾಡೆಂದು ತಿಳಿದವರೇ ಬಹಳ. ಇಲ್ಲಿಯ ಬಂಡೆಗಳ ಸಂದಿಯಲ್ಲಿ ಕರಡಿಯಿದೆ, ಚಿರತೆಯಿದೆ. ಯಲಬುರ್ಗಿಯ ಎರೆ ಹೊಲಗಳಲ್ಲಿ ಕೃಷ್ಣಮೃಗಗಳಿವೆ, ಅವುಗಳಿಂದ ಬೆಳೆ ಕಳೆದುಕೊಂಡ ರೈತನ ದೂರೂ ಇದೆ. ಹೊಳೆಯಾಚೆ ದರೋಜಿಯಲ್ಲಿ ೧೯೯೪ರಲ್ಲಿ ಕರಡಿಧಾಮವಾಯಿತು. ೨೦೧೫ರಲ್ಲಿ ತುಂಗಭದ್ರೆಯ ೩೪ ಕಿಲೋಮೀಟರಿನ ಹರಿವು ನೀರುನಾಯಿಗಳಿಗಾಗಿ ಮೀಸಲಾಯಿತು. ಈಚಿನ ವರ್ಷಗಳಲ್ಲಿ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ೩೩೨ ಹೆಕ್ಟೇರಿನ ತೋಳಧಾಮವೂ ಆಯಿತು. ಜನರೇ ಕೈಹಾಕಿದ ಕೆಲಸವೆಂದರೆ ಹಿರೇಹಳ್ಳದ್ದು. ಕಿನ್ನಾಳದ ಸಮೀಪ ಜಲಾಶಯವಾಗಿ ನಿಂತು ಮುಂದೆ ತುಂಗಭದ್ರೆಗೆ ಸೇರುವ ಈ ಹಳ್ಳ ಹೂಳು ತುಂಬಿ, ಜಾಲಿ ಬೆಳೆದು ಕಣ್ಮರೆಯಾಗುತ್ತಿತ್ತು. ೨೦೧೯ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕಿಳಿದರು. ಹಳ್ಳಿಹಳ್ಳಿಯ ಜನ ಹಿಂದೆ ಬಂದರು. ಮೈಲಿಗಟ್ಟಲೆ ಹಳ್ಳ ತೆರವಾಯಿತು.

ಇನ್ನು ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಆಂಧ್ರದ ಕೊಂಡಪಲ್ಲಿಯ ಬೊಂಬೆಗೂ ಇಂಥದೇ ಹಗುರ ಕಟ್ಟಿಗೆ. ಅದನ್ನು ಅವರು 'ತೆಲ್ಲ ಪೊಣಿಕಿ' ಎನ್ನುತ್ತಾರೆ. ಪೊಣಿಕಿ, ಪೊಳಕಿ: ಭಾಷೆಯ ಮಾಸ್ತರನಿಗೆ ಈ ಹೋಲಿಕೆ ಸಾಕಾಗಿತ್ತು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಗಿವೋಷಿಯ. ನಮ್ಮ ಹೊಲದ ಔಡಲದ ಕುಲದ್ದು. ಒಣ ಗುಡ್ಡಗಳಲ್ಲಿ ಬೆಳೆಯುವ ಈ ಮರದ ಬೀಜದ ಸಿಪ್ಪೆ ಗಟ್ಟಿ, ಸುಲಭಕ್ಕೆ ಮೊಳೆಯದು. ಕಡಿದಷ್ಟು ಬೇಗ ಬೆಳೆಯದ್ದರಿಂದ ಕೊಂಡಪಲ್ಲಿಯವರೂ ಕಟ್ಟಿಗೆಯ ಅಭಾವದಿಂದ ಕಷ್ಟಪಟ್ಟಿದ್ದಾರೆ. ಬೊಂಬೆಗೆ ಮನ್ನಣೆಯ ಪತ್ರ ಕೊಡುವುದು ಸುಲಭ. ಮರವಿಲ್ಲದೆ ಹೋದರೆ ಆ ಪತ್ರದಲ್ಲಿ ಉಳಿಯುವುದು ಊರಿನ ಹೆಸರು ಮಾತ್ರ.

ಬಳಗದವರು ಎರಡು ಕೆಲಸ ಹಚ್ಚಿಕೊಂಡರು. ಗುಡ್ಡದ ಗಿಡಗಳಿಗೂ ಹಕ್ಕಿಗಳಿಗೂ ಕುರಿಗಾಹಿಗಳು, ಮುದುಕಿಯರು, ನಾಟಿವೈದ್ಯರು ಹೇಳುವ ಹೆಸರುಗಳನ್ನು ಮಕ್ಕಳಿಂದ ಬರೆಯಿಸಿ ಕೂಡಿಸುವುದು ನನ್ನ ಪಾಲಿಗೆ ಬಂತು. ಪೊಳಕಿಯ ಬೀಜ ತಂದು ಸಸಿ ಮಾಡುವುದು ಉಳಿದವರ ಪಾಲಿಗೆ. ಹೆಸರುಗಳ ವಹಿ ಬೇಗ ತುಂಬಿತು. ಬೀಜದ ಕೆಲಸ ಹಾಗಾಗಲಿಲ್ಲ. ಮೊದಲ ವರ್ಷ ಬಿತ್ತಿದ್ದರಲ್ಲಿ ಬಹುಪಾಲು ಮೊಳೆಯಲೇ ಇಲ್ಲ. ಮೊಳೆತವನ್ನು ಒಂದು ಶಾಲೆಯ ಅಂಗಳದಲ್ಲಿ ನೆಟ್ಟು, ಫೋಟೋ ತೆಗೆಯಿಸಿಕೊಂಡು ಬಂದೆವು. ಬೇಸಿಗೆಯ ರಜೆಯಲ್ಲಿ ನೀರು ಹಾಕುವವರಿಲ್ಲದೆ ಅವೂ ಒಣಗಿದವು. ತಪ್ಪು ಶಾಲೆಯದಲ್ಲ, ನಮ್ಮದು. ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ ಮೇಲೆ ದೇಶದಲ್ಲಿ ಸಸಿ ನೆಡುವ ದಿನ ಬಂತು. ನೀರು ಹಾಕುವ ದಿನಗಳಿಗೆ ಉತ್ಸವವಿಲ್ಲ. ಮರುವರ್ಷ ಸಸಿಗಳನ್ನು ಮಕ್ಕಳ ಮನೆಗೇ ಕೊಟ್ಟೆವು, ಪಾತ್ರೆ ತೊಳೆದ ನೀರು ಬೀಳುವ ಕಡೆ ನೆಡಲು ಹೇಳಿದೆವು. ಒಂದೆರಡನ್ನು ಆಡು ತಿಂದವು. ನಾಲ್ಕು ನಿಂತಿವೆ.

ಕಳೆದ ಮಳೆಗಾಲದಲ್ಲಿ ಆ ವೃದ್ಧ ಚಿತ್ರಗಾರರನ್ನು ಕರೆದುಕೊಂಡು ಹೋಗಿ ಅವುಗಳಲ್ಲಿ ಒಂದನ್ನು ತೋರಿಸಿದೆ. ಹುಡುಗ ಪಕ್ಕದಲ್ಲಿಯೇ ನಿಂತಿದ್ದ. ಗಿಡ ಅವನ ಎದೆಯಷ್ಟು ಎತ್ತರವಿತ್ತು. ಮುದುಕರು ಎಲೆಯನ್ನು ಮುಟ್ಟಿ ನೋಡಿದರು, ಕಾಂಡವನ್ನು ಬೆರಳಿನಿಂದ ತಟ್ಟಿದರು.

"ಅದೇ ಐತಿ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಬಲಿಯೂತನಕ ನಾ ಇರಾಂಗಿಲ್ಲ. ನಮ್ಮ ಹುಡುಗ್ರು ಪ್ಯಾಟಿ ನೌಕರಿ ಹಿಡದಾರ. ಉಳಿ ಹಿಡಿಯಾಂವ ಯಾರು, ಸರ?" ಎಂದು ಕೇಳಿದರು.

ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಅಷ್ಟರಲ್ಲಿ ತನ್ನ ವಹಿ ತೆಗೆದು, ತಾರೀಖು ಹಾಕಿ, ಗಿಡದ ಎತ್ತರವನ್ನು ಗೇಣಿನಿಂದ ಅಳೆಯತೊಡಗಿದ್ದ. ಮುದುಕರು ಬಾಗಿ, ಗೇಣು ಇಡುವ ಬಗೆಯನ್ನು ಅವನಿಗೆ ತಿದ್ದಿ ತೋರಿಸಿದರು.