ಸಂಗ್ರಹಜಾಲದ ಸ್ವಿಚ್ಚುಗಳು: ತಿದ್ದುಪಡಿಯ ಇತಿಹಾಸ

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಹುಟ್ಟನ್ನು ಕುರಿತು ಬರೆಯುತ್ತಾರೆ. ಹುಟ್ಟಿದ ಮೇಲೆ ಅವನ್ನು ತಿದ್ದಿದವರ ಶ್ರಮವನ್ನು ಕುರಿತು ಬರೆಯುವವರು ವಿರಳ. ಯಾವ ಯಂತ್ರವನ್ನು ಯಾರು ಯಾವಾಗ ನಿರ್ಮಿಸಿದರೆಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುತ್ತದೆ. ಅದರಲ್ಲಿದ್ದ ದೋಷಗಳು ಯಾವುವು, ಅವು ಹೇಗೆ ಹೊರಬಿದ್ದುವು, ಯಾವ ಕ್ರಮದಿಂದ ಅವನ್ನು ನಿವಾರಿಸಲಾಯಿತು ಎಂದು ಕೇಳುವುದೇ ಅಪೂರ್ವ. ಪ್ರಸ್ತುತ ಲೇಖನದಲ್ಲಿ ನಾವು ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ದತ್ತಾಂಶ ಸಂಗ್ರಹಜಾಲದ ಸ್ವಿಚ್ಚುಗಳಿಗೆ ಸಂಬಂಧಿಸಿದಂತೆ ಎತ್ತಿಕೊಂಡಿದ್ದೇವೆ.

ಮೊದಲು ವಿಷಯದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾನಿಲಯ ಮೊದಲಾದ ಸಂಸ್ಥೆಗಳ ಲೆಕ್ಕಪತ್ರಗಳೂ ದಾಖಲೆಗಳೂ ಇಂದು ಕಂಪ್ಯೂಟರುಗಳಲ್ಲಿ ಇರುತ್ತವೆಂಬುದು ಸರ್ವವಿದಿತ. ಹಿಂದೆ ಒಂದೊಂದು ಸರ್ವರಿಗೂ ಅದರದೇ ಆದ ಡಿಸ್ಕುಗಳನ್ನು ಗಿಡ್ಡ ಕೇಬಲ್ಲಿನಿಂದ ಜೋಡಿಸಿರುತ್ತಿದ್ದರು. ಒಂದರಲ್ಲಿ ಸ್ಥಳ ಖಾಲಿಯಿದ್ದರೂ ಅದು ಮತ್ತೊಂದರ ಉಪಯೋಗಕ್ಕೆ ಬರುತ್ತಿರಲಿಲ್ಲ. ಡಿಸ್ಕುಗಳನ್ನೆಲ್ಲ ಒಂದೆಡೆ ಕೂಡಿಸಿ, ಅನೇಕ ಸರ್ವರುಗಳು ಅವನ್ನು ಹಂಚಿಕೊಳ್ಳುವಂತೆ ಮಾಡಿದ ಏರ್ಪಾಡೇ ಸಂಗ್ರಹಜಾಲ. ಈ ಜಾಲದ ನಡುವೆ ನಿಂತು, ಯಾವ ಸರ್ವರಿನ ಬೇಡಿಕೆ ಯಾವ ಡಿಸ್ಕಿನ ಕಡೆಗೆ ಹೋಗಬೇಕೆಂದು ಹಾದಿಯನ್ನು ಕಲ್ಪಿಸುವ ಉಪಕರಣವೇ ಸ್ವಿಚ್ಚು. ಸ್ವಿಚ್ಚಿನೊಳಗೆ ನೆಲೆಸಿ, ವಿದ್ಯುತ್ತು ನಿಂತರೂ ಅಳಿಯದೆ ಉಳಿದು, ಅದನ್ನು ನಡೆಸುವ ಆಜ್ಞಾವಳಿಗೆ ಫರ್ಮ್‌ವೇರ್ ಎಂದು ಹೆಸರು.

೨

ಫರ್ಮ್‌ವೇರ್ ಎಂಬ ಮಾತನ್ನು ೧೯೬೭ರಲ್ಲಿ ಆಷರ್ ಓಪ್ಲರ್ ಎಂಬವರು ‘ಡೇಟಾಮೇಷನ್’ ಪತ್ರಿಕೆಯ ಒಂದು ಲೇಖನದಲ್ಲಿ ಪ್ರಯೋಗಿಸಿದರು. ಕೈಯಿಂದ ಮುಟ್ಟಬಹುದಾದ ಯಂತ್ರಭಾಗಕ್ಕೂ ಇಷ್ಟಬಂದಂತೆ ಬದಲಾಯಿಸಬಹುದಾದ ಆಜ್ಞಾವಳಿಗೂ ನಡುವಣ ಒಂದು ಸ್ತರವನ್ನು ಸೂಚಿಸುವುದು ಅವರ ಉದ್ದೇಶವಾಗಿತ್ತು. ಮಾತು ಹೊಸದಾದರೂ ವಸ್ತು ಹಳೆಯದು. ಯಂತ್ರದ ಮೂಲ ಕ್ರಿಯೆಗಳನ್ನೇ ಸಣ್ಣ ಸಣ್ಣ ಆಜ್ಞೆಗಳಾಗಿ ಬರೆದಿಡಬಹುದೆಂಬ ವಿಚಾರವನ್ನು ಕೇಂಬ್ರಿಜಿನ ಮಾರಿಸ್ ವಿಲ್ಕ್ಸ್ ಅವರು ೧೯೫೧ರಲ್ಲಿ ಮ್ಯಾಂಚೆಸ್ಟರಿನ ಸಮ್ಮೇಳನವೊಂದರಲ್ಲಿ ಮಂಡಿಸಿದ್ದರು. ಐಬಿಎಂ ಸಂಸ್ಥೆ ೧೯೬೪ರಲ್ಲಿ ಪ್ರಕಟಿಸಿದ ಸಿಸ್ಟಂ/೩೬೦ ಯಂತ್ರಶ್ರೇಣಿಯಲ್ಲಿ ಈ ವಿಚಾರ ವ್ಯಾಪಕವಾಗಿ ಕಾರ್ಯಗತವಾಯಿತು. ಆದರೆ ಅಲ್ಲಿ ಆಜ್ಞೆಗಳು ಭೌತವಸ್ತುಗಳಲ್ಲಿಯೇ ಅಚ್ಚೊತ್ತಿದಂತೆ ಇದ್ದುವು. ಆ ಶ್ರೇಣಿಯ ೩೦ನೆಯ ಮಾದರಿಯಲ್ಲಿ ಅವುಗಳಿಗೆ ರಂಧ್ರ ಕೊರೆದ ಕಾರ್ಡುಗಳೇ ಆಧಾರ. ಒಂದು ತಪ್ಪನ್ನು ತಿದ್ದಬೇಕಾದರೆ ತಂತ್ರಜ್ಞನು ಯಂತ್ರವಿದ್ದ ಸ್ಥಳಕ್ಕೆ ಹೋಗಿ, ಅದರ ಬಾಗಿಲನ್ನು ತೆರೆದು, ಹಳೆಯ ಕಾರ್ಡನ್ನು ತೆಗೆದು ಹೊಸದನ್ನು ಇಡಬೇಕಾಗಿತ್ತು.

ಈ ತೊಡಕಿನಿಂದ ಪಾರಾಗಲು ನಡೆದ ಪ್ರಯತ್ನದ ಫಲವೇ ಫ್ಲಾಪಿ ಡಿಸ್ಕು ಎಂಬ ಸಂಗತಿ ಗಮನಾರ್ಹವಾದುದು. ೧೯೬೭ರಲ್ಲಿ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಅಲನ್ ಶುಗಾರ್ಟ್ ಅವರ ಮೇಲ್ವಿಚಾರಣೆಗೆ ಒಳಪಟ್ಟು ಡೇವಿಡ್ ನೋಬಲ್ ಮತ್ತು ಅವರ ಸಂಗಡಿಗರು ಈ ಕೆಲಸವನ್ನು ಕೈಗೊಂಡರು. ಆಜ್ಞಾವಳಿಯನ್ನು ಯಂತ್ರಕ್ಕೆ ತುಂಬಲು ಅಗ್ಗವೂ ಹಗುರವೂ ಆದ, ಅಂಚೆಯಲ್ಲಿ ಕಳುಹಿಸಬಹುದಾದ ಸಾಧನವೊಂದು ಬೇಕಾಗಿತ್ತು. ೧೯೭೧ರಲ್ಲಿ ಹೊರಬಂದ ಎಂಟು ಅಂಗುಲದ ಆ ತಟ್ಟೆಯಲ್ಲಿ ಸುಮಾರು ೮೦ ಕಿಲೋಬೈಟು ಹಿಡಿಯುತ್ತಿತ್ತು. ಅದನ್ನು ಓದಬಹುದಾಗಿತ್ತೇ ಹೊರತು ಬಳಕೆದಾರನು ಅದರ ಮೇಲೆ ಬರೆಯುವಂತಿರಲಿಲ್ಲ. ಅದು ಮೊದಲು ಸೇವೆ ಸಲ್ಲಿಸಿದ ಯಂತ್ರಗಳಲ್ಲಿ ೩೩೩೦ ಡಿಸ್ಕು ಸಂಗ್ರಹಕ್ಕೆ ಸೇರಿದ ೩೮೩೦ ಎಂಬ ನಿಯಂತ್ರಕವೂ ಒಂದು. ಎಂದರೆ, ಮುಂದೆ ಮನೆಮನೆಯಲ್ಲಿಯೂ ವಿದ್ಯಾರ್ಥಿಗಳ ಕೈಯಲ್ಲಿಯೂ ಓಡಾಡಿದ ಆ ತಟ್ಟೆಯ ಮೂಲ ಪ್ರಯೋಜನ ಪತ್ರಗಳನ್ನು ಕೂಡಿಡುವುದಾಗಿರಲಿಲ್ಲ. ದತ್ತಾಂಶ ಸಂಗ್ರಹಯಂತ್ರಕ್ಕೆ ಅದರ ಆಜ್ಞೆಗಳನ್ನೂ ಅವುಗಳ ತಿದ್ದುಪಡಿಯನ್ನೂ ಒಯ್ಯುವುದೇ ಆಗಿತ್ತು.

ಇದಾದ ಮೇಲೆ ತಿದ್ದುಪಡಿಯ ಮಾಧ್ಯಮ ಎರಡು ಹಂತಗಳಲ್ಲಿ ಬದಲಾಯಿತು. ೧೯೭೧ರಲ್ಲಿಯೇ ಇಂಟೆಲ್ ಸಂಸ್ಥೆಯ ಡವ್ ಫ್ರೋಮನ್ ಅವರು ಅತಿನೇರಳೆ ಕಿರಣಗಳಿಂದ ಅಳಿಸಿ ಮತ್ತೆ ಬರೆಯಬಹುದಾದ ಸ್ಮೃತಿಕೋಶವನ್ನು ನಿರ್ಮಿಸಿದರು. ಆದರೂ ಅಳಿಸುವುದಕ್ಕಾಗಿ ಅದನ್ನು ಯಂತ್ರದಿಂದ ಕಿತ್ತು ಹೊರಗೆ ತೆಗೆಯಬೇಕಾಗಿತ್ತು. ಜಪಾನಿನ ತೋಷಿಬಾ ಸಂಸ್ಥೆಯ ಫ್ಯೂಜಿಯೊ ಮಸುವೊಕ ಅವರು ೧೯೮೪ರಲ್ಲಿ ವಿವರಿಸಿದ ಫ್ಲಾಷ್ ಸ್ಮೃತಿಕೋಶವಾದರೋ ಯಂತ್ರದಲ್ಲಿ ಕುಳಿತಿದ್ದಂತೆಯೇ ವಿದ್ಯುತ್ತಿನಿಂದ ಅಳಿಯಬಲ್ಲುದು, ಹೊಸ ಬರಹವನ್ನು ಧರಿಸಬಲ್ಲುದು. ತಂತ್ರಜ್ಞನ ಪ್ರಯಾಣ ಅಲ್ಲಿಗೆ ಮುಗಿಯಿತು; ತಿದ್ದುಪಡಿ ತಂತಿಯ ಮೂಲಕವೇ ಬರತೊಡಗಿತು.

೩

ಸಂಗ್ರಹಜಾಲದ ಸ್ವಿಚ್ಚು ಹುಟ್ಟಿದ್ದು ಈ ಸೌಕರ್ಯ ಲಭ್ಯವಾದ ಮೇಲೆ. ಜಾಲಕ್ಕೆ ಆಧಾರವಾದ ‘ಫೈಬರ್ ಚಾನೆಲ್’ ನಿಯಮಾವಳಿಯ ಕೆಲಸ ೧೯೮೮ರಲ್ಲಿ ಮೊದಲಾಯಿತು; ಅಮೆರಿಕದ ರಾಷ್ಟ್ರೀಯ ಪ್ರಮಾಣ ಸಂಸ್ಥೆ ಅದನ್ನು ೧೯೯೪ರಲ್ಲಿ ಅಂಗೀಕರಿಸಿತು. ಮರುವರ್ಷ, ೧೯೯೫ರಲ್ಲಿ, ಸೇತ್ ನೀಮನ್, ಪಾಲ್ ಬಾಂಡರ್ಸನ್, ಕುಮಾರ್ ಮಳವಳ್ಳಿ ಎಂಬ ಮೂವರು ಕ್ಯಾಲಿಫೋರ್ನಿಯದಲ್ಲಿ ಬ್ರೊಕೇಡ್ ಸಂಸ್ಥೆಯನ್ನು ಸ್ಥಾಪಿಸಿದರು. ಇವರಲ್ಲಿ ಮಳವಳ್ಳಿಯವರು ಮೈಸೂರು ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪದವೀಧರರು, ಫೈಬರ್ ಚಾನೆಲ್ ನಿಯಮಾವಳಿಯ ರಚನೆಯಲ್ಲಿಯೂ ಪ್ರಮುಖ ಪಾತ್ರ ವಹಿಸಿದವರು ಎಂಬುದು ನಮ್ಮ ನಾಡಿನ ಓದುಗರಿಗೆ ಸಂತೋಷವನ್ನು ತರುವ ವಿಷಯ. ೧೯೯೭ರಲ್ಲಿ ಆ ಸಂಸ್ಥೆಯ ‘ಸಿಲ್ಕ್‌ವರ್ಮ್’ ಸ್ವಿಚ್ಚು ಮಾರುಕಟ್ಟೆಗೆ ಬಂದಿತು. ೨೦೦೨ರಲ್ಲಿ ಸಿಸ್ಕೊ ಸಂಸ್ಥೆ ತನ್ನ ಎಂಡಿಎಸ್ ೯೦೦೦ ಶ್ರೇಣಿಯೊಡನೆ ಇದೇ ಕ್ಷೇತ್ರವನ್ನು ಪ್ರವೇಶಿಸಿತು.

ತಿದ್ದುಪಡಿಯನ್ನು ತರುವುದು ಸುಲಭವಾಯಿತೇನೋ ನಿಜ. ಆದರೆ ಅದನ್ನು ಜಾರಿಗೆ ಕೊಡುವುದು ಮೊದಲಿಗಿಂತ ಕಠಿಣವಾಯಿತು. ಒಂದು ಸರ್ವರಿಗೆ ಸೇರಿದ ಡಿಸ್ಕನ್ನು ನಿಲ್ಲಿಸಿದರೆ ಒಂದು ಕಛೇರಿಯ ಕೆಲಸ ನಿಲ್ಲುತ್ತದೆ. ಸ್ವಿಚ್ಚನ್ನು ನಿಲ್ಲಿಸಿದರೆ ಅದರ ಮೂಲಕ ಡಿಸ್ಕುಗಳನ್ನು ಮುಟ್ಟುವ ಸರ್ವರುಗಳೆಲ್ಲ ಕೈಕಟ್ಟಿ ನಿಲ್ಲುತ್ತವೆ. ಡಿಸ್ಕಿನಿಂದ ಉತ್ತರ ಬಾರದಿದ್ದಲ್ಲಿ ಸರ್ವರು ಕಾಯುವ ಅವಧಿ ಸಾಮಾನ್ಯವಾಗಿ ಕೆಲವು ಹತ್ತು ಸೆಕೆಂಡುಗಳು ಮಾತ್ರ. ಬಳಿಕ ಅದು ಡಿಸ್ಕೇ ಇಲ್ಲವೆಂದು ಭಾವಿಸುತ್ತದೆ. ಆರಂಭದ ಸ್ವಿಚ್ಚುಗಳಲ್ಲಿ ಹೊಸ ಫರ್ಮ್‌ವೇರನ್ನು ಜಾರಿಗೆ ತರಲು ಇಡೀ ಸ್ವಿಚ್ಚನ್ನೇ ಹೊಸದಾಗಿ ಚಾಲೂ ಮಾಡಬೇಕಾಗಿದ್ದುದರಿಂದ, ತಿದ್ದುವ ಕ್ರಿಯೆಯೇ ಒಂದು ಅಪಾಯವಾಗಿ ಪರಿಣಮಿಸಿತು. ದೋಷವನ್ನು ಬಲ್ಲವರೂ ತಿದ್ದಲು ಹಿಂಜರಿಯುವ ವಿಚಿತ್ರ ಸನ್ನಿವೇಶ ಹೀಗೆ ಉಂಟಾಯಿತು.

ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದಕ್ಕೊಂದು ಉಪಾಯ ದೊರಕಿತು. ಬ್ರೊಕೇಡಿನ ಫರ್ಮ್‌ವೇರ್ ಮೊದಲು ವಿಎಕ್ಸ್‌ವರ್ಕ್ಸ್ ಎಂಬ ವ್ಯವಸ್ಥೆಯನ್ನು ಆಶ್ರಯಿಸಿದ್ದು, ನಾಲ್ಕನೆಯ ಆವೃತ್ತಿಯಿಂದ ಲಿನಕ್ಸನ್ನು ಆಶ್ರಯಿಸಿತು. ಸ್ವಿಚ್ಚಿನ ಸ್ಮೃತಿಯಲ್ಲಿ ಫರ್ಮ್‌ವೇರಿಗೆ ಎರಡು ಸ್ಥಾನಗಳನ್ನು ಕಲ್ಪಿಸಲಾಯಿತು. ಹಳೆಯದು ಒಂದರಲ್ಲಿದ್ದು ಕೆಲಸ ಮಾಡುತ್ತಿರುವಾಗ ಹೊಸದನ್ನು ಮತ್ತೊಂದರಲ್ಲಿ ಬರೆಯುವುದು; ಹೊಸದು ಸರಿಯಾಗಿ ನಡೆಯಿತೆಂದು ಖಚಿತವಾದ ಬಳಿಕವೇ ಹಳೆಯದನ್ನು ಅಳಿಸುವುದು. ದೊಡ್ಡ ಸ್ವಿಚ್ಚುಗಳಲ್ಲಿ ನಿಯಂತ್ರಣದ ಅಂಗವೇ ಎರಡಿರುತ್ತದೆ; ಬಿಡುವಾಗಿರುವ ಅಂಗವನ್ನು ಮೊದಲು ತಿದ್ದಿ, ಅಧಿಕಾರವನ್ನು ಅದಕ್ಕೆ ವಹಿಸಿ, ಅನಂತರ ಇನ್ನೊಂದನ್ನು ತಿದ್ದುತ್ತಾರೆ. ಚಿಕ್ಕವುಗಳಲ್ಲಿ ಅಂಥ ಅಂಗ ಒಂದೇ ಆದರೂ, ಅದು ಹೊಸದಾಗಿ ಚಾಲೂ ಆಗುವಷ್ಟು ಹೊತ್ತೂ ದತ್ತಾಂಶವನ್ನು ಸಾಗಿಸುವ ಚಿಪ್ಪುಗಳು ಮೊದಲೇ ಗೊತ್ತಾದ ಹಾದಿಗಳಲ್ಲಿ ತಮ್ಮ ಕೆಲಸವನ್ನು ಮುಂದುವರಿಸುತ್ತವೆ. ನಮ್ಮ ದೇವಾಲಯಗಳ ಜೀರ್ಣೋದ್ಧಾರದಲ್ಲಿ ದೇವತಾಸಾನ್ನಿಧ್ಯವನ್ನು ಬಾಲಾಲಯಕ್ಕೆ ಒಯ್ದು, ಗರ್ಭಗೃಹದ ಕೆಲಸ ನಡೆಯುತ್ತಿರುವಷ್ಟು ದಿನವೂ ನಿತ್ಯಪೂಜೆ ತಪ್ಪದಂತೆ ನೋಡಿಕೊಳ್ಳುವ ಪದ್ಧತಿಯನ್ನು ಬಲ್ಲವರಿಗೆ ಈ ಉಪಾಯದ ಮರ್ಮ ಸುಲಭವಾಗಿ ತಿಳಿದೀತು.

೪

ಇಷ್ಟಾದರೂ ಒಂದು ಮುಖ್ಯ ಸಮಸ್ಯೆ ಉಳಿಯಿತು. ಸಂಗ್ರಹಜಾಲವನ್ನು ಕಟ್ಟುವವರು ಮೊದಲಿನಿಂದಲೂ ಎಲ್ಲವನ್ನೂ ಎರಡೆರಡಾಗಿ ಇಡುತ್ತ ಬಂದಿದ್ದಾರೆ. ಪ್ರತಿಯೊಂದು ಸರ್ವರಿನಿಂದಲೂ ಡಿಸ್ಕಿಗೆ ಪ್ರತ್ಯೇಕವಾದ ಎರಡು ಜಾಲಗಳ ಮೂಲಕ ಹಾದಿಯಿರುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ವಹಿಸಿಕೊಳ್ಳುತ್ತದೆ. ಈ ದ್ವಿತ್ವ ಎಲ್ಲ ವಿಪತ್ತಿನಿಂದಲೂ ಕಾಪಾಡುತ್ತದೆಯೆ? ಕಾಪಾಡುವುದಿಲ್ಲವೆಂದೇ ನಮ್ಮ ಅಭಿಪ್ರಾಯ. ಪದಾರ್ಥ ಸವೆಯುವುದರಿಂದ ಆಗುವ ಕೇಡು ಆಕಸ್ಮಿಕ; ಅದು ಎರಡು ಕಡೆಯೂ ಒಂದೇ ಗಳಿಗೆಯಲ್ಲಿ ಒದಗುವ ಸಂಭವ ಅತ್ಯಲ್ಪ. ಬರಹದಲ್ಲಿರುವ ತಪ್ಪು ಹಾಗಲ್ಲ. ಅದೇ ಫರ್ಮ್‌ವೇರ್ ಎರಡು ಸ್ವಿಚ್ಚುಗಳಲ್ಲಿಯೂ ಇದ್ದರೆ ಅದೇ ತಪ್ಪೂ ಎರಡರಲ್ಲಿಯೂ ಇರುತ್ತದೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಇದು ಅಪರಿಚಿತವಾದ ಮಾತಲ್ಲ. ಒಂದೇ ಮಾತೃಕೆಯಿಂದ ಹುಟ್ಟಿದ ಹತ್ತು ಓಲೆಪ್ರತಿಗಳು ಒಂದೇ ಅಪಪಾಠವನ್ನು ಹೊತ್ತಿದ್ದರೆ, ಅವು ಹತ್ತು ಸಾಕ್ಷಿಗಳಾಗುವುದಿಲ್ಲ, ಒಂದೇ ಸಾಕ್ಷಿಯಾಗುತ್ತವೆ. ಪ್ರತಿಗಳ ಸಂಖ್ಯೆ ಓಲೆಯನ್ನು ಗೆದ್ದಲಿನಿಂದ ರಕ್ಷಿಸಬಹುದು, ಪಾಠವನ್ನು ತಪ್ಪಿನಿಂದ ರಕ್ಷಿಸಲಾರದು.

ಈ ಮಾತಿಗೆ ನಿದರ್ಶನವನ್ನು ಸಂಗ್ರಹಯಂತ್ರಗಳ ಇತಿಹಾಸದಲ್ಲಿಯೇ ಕಾಣಬಹುದು. ೨೦೧೯ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆ ತನ್ನ ಬಳಕೆದಾರರಿಗೆ ಒಂದು ಎಚ್ಚರಿಕೆಯನ್ನು ಪ್ರಕಟಿಸಿತು. ಅದು ಸ್ವಿಚ್ಚಿಗಲ್ಲ, ಜಾಲದ ಮತ್ತೊಂದು ತುದಿಯಲ್ಲಿರುವ ಘನಸ್ಥಿತಿಯ ಡಿಸ್ಕುಗಳಿಗೆ ಸಂಬಂಧಿಸಿದುದು. ಆದರೂ ಪಾಠ ಒಂದೇ. ಕೆಲವು ಮಾದರಿಯ ಡಿಸ್ಕುಗಳು, ಅವುಗಳ ಫರ್ಮ್‌ವೇರನ್ನು ಬದಲಾಯಿಸದಿದ್ದಲ್ಲಿ, ೩೨,೭೬೮ ಗಂಟೆಗಳ ಕಾಲ ನಡೆದ ಬಳಿಕ ನಿಂತುಹೋಗುತ್ತವೆ. ಡಿಸ್ಕಾಗಲಿ ಅದರಲ್ಲಿರುವ ದತ್ತಾಂಶವಾಗಲಿ ಮತ್ತೆ ದೊರೆಯುವುದಿಲ್ಲ ಎಂಬುದು ಅದರ ಸಾರಾಂಶ. ಈ ಅವಧಿ ೩ ವರ್ಷ, ೨೭೦ ದಿನ, ೮ ಗಂಟೆಗಳಿಗೆ ಸಮ. ಎರಡನ್ನು ಎರಡರಿಂದ ಗುಣಿಸುತ್ತ ಹದಿನೈದನೆಯ ಘಾತಕ್ಕೆ ಹೋದರೆ ೩೨,೭೬೮ ಬರುತ್ತದೆ. ಹದಿನಾರು ದ್ವಿಮಾನ ಅಂಕೆಗಳ ಚಿಹ್ನೆಸಹಿತ ಎಣಿಕೆ ತುಂಬಿ ತುಳುಕುವುದು ಈ ಸಂಖ್ಯೆಯಲ್ಲಿಯೇ. ಒಂದೇ ದಿನ ಕೆಲಸಕ್ಕೆ ಹಚ್ಚಿದ ಡಿಸ್ಕುಗಳು ಬಹುಮಟ್ಟಿಗೆ ಒಂದೇ ಹೊತ್ತಿನಲ್ಲಿ ಕೆಡುವುದರಿಂದ, ಒಂದರ ನಕಲು ಮತ್ತೊಂದರಲ್ಲಿದ್ದರೂ ಪ್ರಯೋಜನವಿಲ್ಲ. ತಿದ್ದುಪಡಿ ಪಡೆದವರ ದತ್ತಾಂಶ ಉಳಿಯಿತು. ಪಡೆಯದವರಿಗೆ ಗಡುವಿನ ದಿನ ಗೊತ್ತಾಗಿತ್ತು.

ಎಣಿಕೆಯ ಇಂಥ ಮಿತಿಗಳು ಸ್ವಿಚ್ಚುಗಳಿಗೂ ಹೊರತಲ್ಲ. ಜಾಲದ ಉಪಕರಣಗಳು ತಾವು ಚಾಲೂ ಆದಂದಿನಿಂದ ಕಳೆದ ಕಾಲವನ್ನು ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ, ಮೂವತ್ತೆರಡು ದ್ವಿಮಾನ ಅಂಕೆಗಳಲ್ಲಿ ವರದಿಮಾಡುವ ಪದ್ಧತಿಯಿದೆ. ಈ ಎಣಿಕೆ ಸುಮಾರು ೪೨೯ ಕೋಟಿಗೆ ತುಂಬಿ, ೪೯೭ ದಿನಗಳ ಬಳಿಕ ಮತ್ತೆ ಸೊನ್ನೆಗೆ ಮರಳುತ್ತದೆ. ಇದನ್ನು ಮರೆತು ಬರೆದ ಆಜ್ಞಾವಳಿ ಪ್ರಯೋಗಾಲಯದ ಕೆಲವು ವಾರಗಳ ಪರೀಕ್ಷೆಯಲ್ಲಿ ನಿರ್ದುಷ್ಟವಾಗಿಯೇ ಕಾಣುತ್ತದೆ. ಅದರ ತಪ್ಪು ಬಯಲಾಗುವುದು ಒಂದೂವರೆ ವರ್ಷಕ್ಕೆ ತುಸು ಮೊದಲು, ಬಳಕೆದಾರನ ಮನೆಯಲ್ಲಿ; ಜೊತೆಗೆ ಒಂದೇ ದಿನ ಚಾಲೂ ಆದ ಎರಡೂ ಸ್ವಿಚ್ಚುಗಳಲ್ಲಿ.

ಈ ಅನುಭವಗಳಿಂದ ರೂಢಿಗೆ ಬಂದ ನಿಯಮ ಸರಳವಾದುದು. ಎರಡು ಜಾಲಗಳನ್ನೂ ಒಂದೇ ದಿನ ತಿದ್ದಬಾರದು. ಮೊದಲು ಒಂದನ್ನು ತಿದ್ದಿ, ಕೆಲವು ದಿನ ಅದರ ನಡೆಯನ್ನು ಗಮನಿಸಿ, ಅನಂತರ ಇನ್ನೊಂದಕ್ಕೆ ಕೈಹಾಕಬೇಕು. ತೀರ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಒಮ್ಮೆಲೇ ನೆಗೆಯದೆ, ತಯಾರಕರು ಸೂಚಿಸಿದ ನಡುವಣ ಆವೃತ್ತಿಗಳ ಮೂಲಕ ಹಂತಹಂತವಾಗಿ ಸಾಗಬೇಕು. ದ್ವಿತ್ವಕ್ಕೆ ಬೆಲೆ ಬರುವುದು ಎರಡೂ ಒಂದೇ ಆಗಿರುವುದರಿಂದಲ್ಲ, ಸ್ವಲ್ಪ ಕಾಲವಾದರೂ ಬೇರೆಯಾಗಿರುವುದರಿಂದ ಎಂಬ ತತ್ತ್ವ ಇದರಲ್ಲಿ ಅಡಗಿದೆ.

೫

ಕೊನೆಯದಾಗಿ ಆಧಾರಗಳ ವಿಷಯ. ಪ್ರತಿಯೊಂದು ಆವೃತ್ತಿಯೊಡನೆಯೂ ತಯಾರಕರು ಒಂದು ಬಿಡುಗಡೆ ಟಿಪ್ಪಣಿಯನ್ನು ಪ್ರಕಟಿಸುತ್ತಾರೆ. ಅದರಲ್ಲಿ ಒಂದೊಂದು ದೋಷಕ್ಕೂ ಒಂದು ಸಂಖ್ಯೆ, ಅದರ ತೀವ್ರತೆ, ಹೊರಗೆ ಕಾಣುವ ಲಕ್ಷಣ, ಅದು ಕಾಣಿಸಿಕೊಳ್ಳುವ ಸಂದರ್ಭ, ತಾತ್ಕಾಲಿಕ ಪರಿಹಾರ ಇವುಗಳ ವಿವರವಿರುತ್ತದೆ. ಯಾವುದು ತಿದ್ದಲ್ಪಟ್ಟಿತು, ಯಾವುದು ಇನ್ನೂ ಉಳಿದಿದೆ, ಯಾವುದನ್ನು ಆಜ್ಞಾವಳಿಯನ್ನು ಬದಲಾಯಿಸದೆಯೇ ಮುಕ್ತಾಯಗೊಳಿಸಲಾಯಿತು ಎಂಬುದನ್ನೂ ಅಲ್ಲಿ ಕಾಣಬಹುದು. ನಮ್ಮ ಲಿಪಿಕಾರರು ಓಲೆಯ ಕೊನೆಯಲ್ಲಿ, ತಪ್ಪಿದ್ದಲ್ಲಿ ತಿದ್ದಿಕೊಳ್ಳಬೇಕೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದರು. ಇಲ್ಲಿ ತಪ್ಪೊಪ್ಪಿಗೆಯನ್ನು ಸಂಖ್ಯೆಯಿಟ್ಟು ಪಟ್ಟಿಮಾಡಲಾಗಿದೆ. ಯಂತ್ರವನ್ನು ಹೊಗಳುವ ಮಾರಾಟದ ಪತ್ರಿಕೆಗಿಂತ ಇತಿಹಾಸಕಾರನಿಗೆ ಇವು ಹೆಚ್ಚು ವಿಶ್ವಸನೀಯವೆಂದು ಹೇಳಬೇಕಾಗಿಲ್ಲ.

ಆದರೆ ಇವುಗಳ ಆಯುಷ್ಯ ಅಲ್ಪ. ಹೊಸ ಆವೃತ್ತಿ ಬಂದೊಡನೆ ಹಳೆಯ ಟಿಪ್ಪಣಿಗೆ ಬೆಲೆಯಿಲ್ಲವೆಂಬ ಭಾವನೆ ಬಲವಾಗಿದೆ. ಸಂಸ್ಥೆಗಳೂ ಒಂದರಲ್ಲೊಂದು ಲೀನವಾಗುತ್ತವೆ: ಮೆಕ್‌ಡೇಟಾ ಸಂಸ್ಥೆ ೨೦೦೭ರಲ್ಲಿ ಬ್ರೊಕೇಡಿನಲ್ಲಿಯೂ, ಬ್ರೊಕೇಡ್ ೨೦೧೭ರಲ್ಲಿ ಬ್ರಾಡ್‌ಕಾಮಿನಲ್ಲಿಯೂ ಸೇರಿಹೋದುವು. ಇಂಥ ಪ್ರತಿಯೊಂದು ಸ್ಥಿತ್ಯಂತರದಲ್ಲಿಯೂ ಹಳೆಯ ಕಾಗದಪತ್ರಗಳು ಚದುರುವ ಭಯವಿದ್ದೇ ಇರುತ್ತದೆ. ಒಂದು ಶತಮಾನದ ಬಳಿಕ ನಮ್ಮ ಕಾಲದ ದಾಖಲೆಗಳಲ್ಲಿ ಕೆಲವು ಏಕೆ ಉಳಿದುವು, ಕೆಲವು ಏಕೆ ನಷ್ಟವಾದುವು ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಈ ಟಿಪ್ಪಣಿಗಳಲ್ಲಿರುತ್ತದೆ. ಶಾಸನ, ಓಲೆ, ಕಡತಗಳನ್ನು ಕಾಪಾಡಲು ಕಲಿತ ನಮ್ಮ ವಿದ್ಯಾಸಂಸ್ಥೆಗಳು, ತಮ್ಮದೇ ಸಂಗ್ರಹಜಾಲದಲ್ಲಿ ನಡೆದ ತಿದ್ದುಪಡಿಗಳ ದಿನಚರಿಯನ್ನೂ ಅವುಗಳ ಟಿಪ್ಪಣಿಗಳನ್ನೂ ಬಿಸಾಡದೆ ಇರಿಸಿಕೊಳ್ಳಲೆಂಬುದು ನಮ್ಮ ಸೂಚನೆ. ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ತಿದ್ದುಪಡಿಯೂ ಇತಿಹಾಸವೆಂಬ ಅರಿವು ಇದ್ದರೆ ಸಾಕು.